ಕಳವು ಮತ್ತು ಅಲೌಕಿಕ: ‘ದಿ ವಾಲ್ಟ್’ ಚಿತ್ರವನ್ನು ಕುರಿತು

ಕಳ್ಳರ ಕಥೆಯೂ ಪ್ರೇತಗಳ ಕಥೆಯೂ ಒಂದೇ ಕೃತಿಯಲ್ಲಿ ಕೂಡಿದಾಗ ಒಂದರಿಂದ ಇನ್ನೊಂದಕ್ಕೆ ಅರ್ಥ ಒದಗಬೇಕು. ಡ್ಯಾನ್ ಬುಷ್ ನಿರ್ದೇಶಿಸಿದ ಅಮೆರಿಕದ ಚಿತ್ರ ‘ದಿ ವಾಲ್ಟ್’ (2017) ಸೋಲುವುದು ಈ ಕೂಡಿಕೆಯಲ್ಲಿಯೇ. ವಡೋದರೆಯ ಫತೇಗಂಜಿನಲ್ಲಿ ಸಂಶೋಧಕ ಮಿತ್ರರೊಡನೆ ಇದನ್ನು ನೋಡುತ್ತಿದ್ದಾಗ ನನಗೆ ನೆನಪಾದುದು ‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆ.

ಚಿತ್ರದ ಆರಂಭವೇನೋ ಭರವಸೆ ಮೂಡಿಸುತ್ತದೆ. ಸಹೋದರನ ಸಾಲ ತೀರಿಸಲೆಂದು ಅಕ್ಕತಂಗಿಯರಿಬ್ಬರು ಬ್ಯಾಂಕೊಂದನ್ನು ದೋಚಲು ಬರುತ್ತಾರೆ. ತಿಜೋರಿಯಲ್ಲಿ ನಿರೀಕ್ಷಿಸಿದಷ್ಟು ಹಣವಿಲ್ಲ. ನೆಲಮಾಳಿಗೆಯ ಹಳೆಯ ಭದ್ರಕೋಣೆಯಲ್ಲಿ 60 ಲಕ್ಷ ಡಾಲರ್ ಇದೆಯೆಂದು ಅಧಿಕಾರಿಯೊಬ್ಬ (ಜೇಮ್ಸ್ ಫ್ರಾಂಕೊ) ತಿಳಿಸುತ್ತಾನೆ. ಅಲ್ಲಿ ಕಾದಿರುವುದು 1982ರ ದರೋಡೆಯಲ್ಲಿ ಒತ್ತೆಯಾಳುಗಳಾಗಿ ಸತ್ತವರ ಪ್ರೇತಗಳು. ಆ ಅಧಿಕಾರಿಯೂ ಅಂದೇ ಸತ್ತವನೆಂಬುದು ಕೊನೆಯಲ್ಲಿ ಬಯಲಾಗುತ್ತದೆ.

ಸಾಲದ ಒತ್ತಡ, ಸೋದರಿಯರ ನಡುವಣ ಬಿರುಕು, ಹೊರಗೆ ನೆರೆದ ಪೊಲೀಸರು, ಇವೆಲ್ಲವೂ ಪ್ರೇತಗಳು ಕಾಣಿಸಿಕೊಂಡೊಡನೆ ಹಿಂದೆ ಸರಿಯುತ್ತವೆ. ಕಳ್ಳರು ಕೆಳಗಿಳಿಯುತ್ತಾರೆ, ಸಾಯುತ್ತಾರೆ. ಅನ್ಯಾಯವಾಗಿ ಸತ್ತವರ ದುಃಖಕ್ಕೂ ಚಿತ್ರ ಕಿವಿಗೊಡುವುದಿಲ್ಲ. ಪ್ರೇಕ್ಷಕರನ್ನು ಬೆಚ್ಚಿಬೀಳಿಸುವ ಸಾಧನವಾಗಿ ಮಾತ್ರ ಅವರು ಉಳಿಯುತ್ತಾರೆ. ನಟಿಯರಾದ ಫ್ರಾನ್ಸೆಸ್ಕಾ ಈಸ್ಟ್‌ವುಡ್ ಮತ್ತು ಟ್ಯಾರಿನ್ ಮ್ಯಾನಿಂಗ್ ಅವರ ಶ್ರಮ ಈ ಕೊರತೆಯನ್ನು ತುಂಬಲಾರದು.

ವಿದ್ಯುಚ್ಚೋರನ ಕಥೆಯ ಕ್ರಮವೇ ಬೇರೆ. ಹಗಲು ಕುಷ್ಠರೋಗಿಯಂತೆ ಬಿದ್ದಿದ್ದು ಇರುಳು ಕಳವಿಗೆ ಹೊರಡುವ ಅವನು ಅರಸನ ಹಾರವನ್ನು ಕದಿಯುತ್ತಾನೆ. ತಳಾರ ಯಮದಂಡ ಅವನನ್ನು ಹಿಡಿದು ದಂಡನೆಗಳಿಗೆ ಗುರಿಪಡಿಸುತ್ತಾನೆ. ಬಳಿಕ ಇಬ್ಬರೂ ಬಾಲ್ಯಸ್ನೇಹಿತರೆಂದೂ ಕಳವು ಹಳೆಯ ಪಂತವೊಂದರ ಫಲವೆಂದೂ ತಿಳಿಯುತ್ತದೆ. ಮುಂದೆ ವಿದ್ಯುಚ್ಚೋರ ಮುನಿಯಾಗುತ್ತಾನೆ. ಚಾಮುಂಡಿಯ ಉಪಸರ್ಗ ಒದಗುವುದು ಆಗಲೇ, ಕಳವನ್ನು ತೊರೆದ ಮೇಲೆ. ಅವನು ಅದನ್ನು ಸಹಿಸಿ ಗೆಲ್ಲುತ್ತಾನೆ. ಇಲ್ಲಿ ಅಲೌಕಿಕವು ಮನುಷ್ಯನ ಪರಿವರ್ತನೆಯನ್ನು ಒರೆಗೆ ಹಚ್ಚುತ್ತದೆ. ಚಿತ್ರದಲ್ಲಾದರೋ ಅದು ಮನುಷ್ಯನ ಕಥೆಯನ್ನೇ ನಿಲ್ಲಿಸಿಬಿಡುತ್ತದೆ.

ಈ ಕಥೆ ಕನ್ನಡಕ್ಕಷ್ಟೇ ಸೇರಿದುದಲ್ಲ. ಹರಿಷೇಣನು ಶಕ 853ರಲ್ಲಿ (ಕ್ರಿ.ಶ. 931-32) ವರ್ಧಮಾನಪುರದಲ್ಲಿ ರಚಿಸಿದ ಸಂಸ್ಕೃತ ‘ಬೃಹತ್ಕಥಾಕೋಶ’ದಲ್ಲಿಯೂ ಇದು ಬರುತ್ತದೆ. ಆ ಊರನ್ನು ಸೌರಾಷ್ಟ್ರದ ವಢವಾಣವೆಂದು ಗುರುತಿಸಿದ ವಿದ್ವಾಂಸರಿದ್ದಾರೆ. ಆ ಗ್ರಂಥವನ್ನು 1943ರಲ್ಲಿ ಸಂಪಾದಿಸಿದವರು ಕನ್ನಡ ನಾಡಿನವರೇ ಆದ ಆ.ನೇ. ಉಪಾಧ್ಯೆಯವರು. ಗುಜರಾತಿನಲ್ಲಿರುವ ಕನ್ನಡ ಸಂಶೋಧಕರಿಗೆ ಎರಡೂ ಪಾಠಗಳ ತೌಲನಿಕ ಅಧ್ಯಯನ ಹತ್ತಿರದ ಕೆಲಸ.

ಭಯವು ಹುಟ್ಟುವುದು ಕತ್ತಲೆಯಿಂದಲ್ಲ, ಮಾಡಿದುದಕ್ಕೆ ಉತ್ತರ ಕೊಡಬೇಕಾಗಿ ಬರುವುದರಿಂದ. ‘ದಿ ವಾಲ್ಟ್’ ಆ ಉತ್ತರವನ್ನು ಯಾರಿಂದಲೂ ಕೇಳುವುದಿಲ್ಲ.