ಕಣ್ಣಿನ ಬೀದಿ, ಕಿವಿಯ ಬೀದಿ

ಚಲನಚಿತ್ರವನ್ನು ‘ನೋಡುವುದು’ ಎಂಬ ರೂಢಿಯ ಮಾತೇ ವಿಮರ್ಶೆಯ ಅರ್ಧ ಕೇಡಿಗೆ ಕಾರಣವಾಗಿದೆ. ಚಿತ್ರ ಮುಗಿಸಿ ಎದ್ದವರು ಛಾಯಾಗ್ರಹಣ, ಸೆಟ್ಟು, ಗ್ರಾಫಿಕ್ಸ್‌ಗಳನ್ನು ಬಗೆಬಗೆಯಾಗಿ ಬಣ್ಣಿಸಿ, ಕಿವಿಯ ಪಾಲಿಗೆ ‘ಬಿಜಿಎಂ ಸೂಪರ್’, ಅಂದರೆ ಹಿನ್ನೆಲೆ ಸಂಗೀತ ಸೊಗಸು, ಎಂಬ ಎರಡು ಪದಗಳನ್ನಷ್ಟೇ ಉಳಿಸುತ್ತಾರೆ. ಈ ವಾರ ಬರೆಯಬೇಕಾಗಿದ್ದುದು 2025ರ ಜುಲೈನಲ್ಲಿ ತೆರೆಕಂಡ, ಜೆ.ಪಿ. ತುಮಿನಾಡ್ ನಿರ್ದೇಶನದ ‘ಸು ಫ್ರಮ್ ಸೋ’ ಚಿತ್ರದ ಬಗ್ಗೆ. ಸೋಮೇಶ್ವರದ ಸುಲೋಚನೆ ಎಂಬ ಹೆಣ್ಣಿನ ಪ್ರೇತ ಕರಾವಳಿಯ ಹಳ್ಳಿಯೊಂದರ ಯುವಕನ ಮೈಮೇಲೆ ಬಂದಿದೆಯೆಂದು ಇಡೀ ಊರು ನಂಬಿಬಿಡುವ ಆ ಕಥೆಯ ನಗೆಯೆಲ್ಲ ಯಾರ ಬಾಯಲ್ಲಿ ಯಾರ ದನಿ ಎಂಬ ಗೊಂದಲದಲ್ಲಿಯೇ ಅಡಗಿರುವುದರಿಂದ, ಚಿತ್ರಕ್ಕಿಂತ ಮೊದಲು ಕಿವಿಯ ಮಾತನ್ನೇ ಎತ್ತಬೇಕಾಗುತ್ತದೆ.

ಸಿನಿಮಾ ಕಣ್ಣಿನದೋ ಕಿವಿಯದೋ ಎಂಬ ಈ ತಕರಾರಿನ ಎರಡು ಪಕ್ಷಗಳೂ ಚೆನ್ನೈನ ನುಂಗಂಬಾಕ್ಕಂ ಎಂಬ ಒಂದೇ ಬಡಾವಣೆಯಲ್ಲಿ ನೆಲೆ ಕಂಡಿರುವುದು ಗಮನಾರ್ಹ. ಅಲ್ಲಿನ ಕಾಲೇಜು ರಸ್ತೆಯಲ್ಲಿ ಫ್ರೆಂಚರ ಅಲಿಯಾನ್ಸ್ ಫ್ರಾಂಸೇಸ್ ಇದೆ, ರಟ್ಲೆಂಡ್ ಗೇಟ್‌ನಲ್ಲಿ ಜರ್ಮನರ ಗ್ಯೋಟೆ ಸಂಸ್ಥೆಯಿದೆ. ಫ್ರೆಂಚ್, ಜರ್ಮನ್ ಚಿತ್ರಗಳು ಅಲ್ಲಿ ಸಬ್‌ಟೈಟಲ್‌ಗಳೊಂದಿಗೆ, ಅಂದರೆ ಪರದೆಯ ಅಡಿಯಲ್ಲಿ ಮೂಡುವ ಅನುವಾದದ ಸಾಲುಗಳೊಂದಿಗೆ, ಪ್ರದರ್ಶನಗೊಳ್ಳುತ್ತ ಬಂದಿವೆ. ಅದೇ ನುಂಗಂಬಾಕ್ಕಂನ ಕಾಮ್‌ದಾರ್ ನಗರದಲ್ಲಿ ಹಿನ್ನೆಲೆ ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಮನೆಯಿದೆ; 2020ರ ಸೆಪ್ಟೆಂಬರ್ 25ರಂದು ಅವರು ತೀರಿಕೊಂಡ ಮೇಲೆ, 2025ರಲ್ಲಿ ಆ ಬೀದಿಗೆ ಅವರ ಹೆಸರನ್ನೇ ಇಡಲಾಯಿತು. ಸಬ್‌ಟೈಟಲ್‌ಗಳ ನೆಲೆಯನ್ನು ಕಣ್ಣಿನ ಬೀದಿ, ಗಾಯಕರ ನೆಲೆಯನ್ನು ಕಿವಿಯ ಬೀದಿ ಎಂದು ಕರೆದರೆ ತಪ್ಪಾಗದು.

ಕಣ್ಣಿನ ಬೀದಿಯ ಫಿಲ್ಮ್ ಸೊಸೈಟಿ ಪಂಥಕ್ಕೆ ಸಿನಿಮಾ ಎಂದರೆ ದೃಶ್ಯ. ಹಾಡು ನಾಟಕ ಕಂಪನಿಯಿಂದ ಬಂದ ಅಂಟುಜಾಡ್ಯ. ಈ ವಾದ ಮಂಡಿಸುವವರು ಮರೆಯುವ ಸಂಗತಿಯೆಂದರೆ, ಸಬ್‌ಟೈಟಲ್ ಓದುತ್ತ ಕೂತವರ ಕಣ್ಣು ಮತ್ತೆ ಮತ್ತೆ ಪರದೆಯ ಕೆಳಗಿನ ಎರಡು ಸಾಲುಗಳಲ್ಲೇ ಕಳೆದುಹೋಗಿ, ದೃಶ್ಯವೂ ಪೂರ್ತಿ ದಕ್ಕದೆ, ದನಿಯೂ ಒಳಗಿಳಿಯದೆ ಉಳಿಯುತ್ತದೆ ಎಂಬುದು. ಅತ್ತ ಕನ್ನಡದ ಪ್ರೇಕ್ಷಕರಾದರೋ, ‘ಭಕ್ತ ಕನಕದಾಸ’ (1960) ಮೊದಲ್ಗೊಂಡು ಹಿನ್ನೆಲೆ ಗಾಯಕ ಪಿ.ಬಿ. ಶ್ರೀನಿವಾಸ್ ಅವರ ಕಂಠವನ್ನು ನಟ ರಾಜ್‌ಕುಮಾರ್ ಅವರ ಕಂಠವೆಂದೇ ಒಪ್ಪಿಕೊಂಡು, ಒಂದು ದೇಹಕ್ಕೆ ಇನ್ನೊಂದು ದನಿಯನ್ನು ತಾವೇ ಹೊಲಿದುಕೊಳ್ಳುವ ಕೆಲಸವನ್ನು ದಶಕಗಳ ಕಾಲ ಮಾಡಿದರು. ನುಂಗಂಬಾಕ್ಕಂನ ಕೂಗಳತೆಯಲ್ಲಿದ್ದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಜೇಬಿನ ತುಂಬ ಬಣ್ಣಬಣ್ಣದ ಪೆನ್ನುಗಳನ್ನಿಟ್ಟುಕೊಂಡು ಹಲವು ಭಾಷೆಗಳಲ್ಲಿ ಪದ್ಯ ಬರೆಯುತ್ತ ಕೂರುತ್ತಿದ್ದವರೂ ಅದೇ ಶ್ರೀನಿವಾಸ್. 2008ರಲ್ಲಿ ಆ ಹೋಟೆಲು ಮುಚ್ಚಿತು. ಉದ್ಯಾನವಾಗಿರುವ ಆ ಜಾಗದಲ್ಲಿ ಈಗ ಕಾಫಿಯೂ ಇಲ್ಲ, ಪದ್ಯವೂ ಇಲ್ಲ.

1967ರ ‘ನಕ್ಕರೆ ಅದೇ ಸ್ವರ್ಗ’ ಚಿತ್ರದಲ್ಲಿ ಎಂ. ರಂಗರಾವ್ ಅವರ ಸಂಗೀತಕ್ಕೆ ಹಾಡಿ ಕನ್ನಡಕ್ಕೆ ಬಂದ ಬಾಲಸುಬ್ರಹ್ಮಣ್ಯಂ, ಈಟಿವಿ ಕನ್ನಡದ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಕನ್ನಡಿಗರಿಗೆ ಹಾಡುವುದಕ್ಕಿಂತ ಹೆಚ್ಚಾಗಿ ಕೇಳುವುದನ್ನು ಕಲಿಸಿದರು. ಸ್ಪರ್ಧಿಯು ಹಾಡಿದ ಗೀತೆಯನ್ನು ಬರೆದವರಾರು, ರಾಗ ಹಾಕಿದವರಾರು ಎಂಬುದನ್ನು ಹೇಳಿ, ಜಾರಿದ ಸ್ವರವನ್ನೂ ಮಹಾಪ್ರಾಣ ಕಳೆದುಕೊಂಡ ಅಕ್ಷರವನ್ನೂ ತಾವೇ ಹಾಡಿ ತೋರಿಸಿ, ಬೈಯದೆ ತಿದ್ದುವುದು ಅವರ ಕ್ರಮವಾಗಿತ್ತು. ಈಚಿನ ಗಾಯನ ಸ್ಪರ್ಧೆಗಳಲ್ಲಾದರೋ ಹಾಡು ಪಲ್ಲವಿಯಿಂದ ಚರಣಕ್ಕೆ ದಾಟುವ ಮೊದಲೇ ಕ್ಯಾಮೆರಾ ತಾಯಿಯ ಕಣ್ಣೀರಿಗೆ, ಅಲ್ಲಿಂದ ತೀರ್ಪುಗಾರರ ತೆರೆದ ಬಾಯಿಗೆ, ಅಲ್ಲಿಂದ ಮತ್ತೆ ಕಣ್ಣೀರಿಗೆ ಹಾರುತ್ತದೆ. ಸ್ವರ ತಪ್ಪಿದರೆ ಆಟೋಟ್ಯೂನ್, ಅಂದರೆ ಧ್ವನಿಯ ಶ್ರುತಿಯನ್ನು ಯಂತ್ರದಿಂದಲೇ ನೇರ್ಪುಗೊಳಿಸುವ ತಂತ್ರಾಂಶ, ಇದ್ದೇ ಇದೆ. ತಪ್ಪು ಕೇಳಿಸದ ಕಡೆ ತಿದ್ದುಪಡಿಯೂ ಇರದು. ತಿದ್ದುಪಡಿ ಇಲ್ಲದ ಮೇಲೆ ಗುರುವಿಗೂ ನಿರೂಪಕನಿಗೂ ವ್ಯತ್ಯಾಸವೇನು?

ದೃಶ್ಯಪಂಥಕ್ಕೆ ಕೊಡಬಹುದಾದ ಅತ್ಯುತ್ತಮ ಉತ್ತರ 1995ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದವರು. ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳಲ್ಲಿ ಪಳಗಿ ಉಭಯ ಗಾನ ವಿಶಾರದರೆನಿಸಿಕೊಂಡವರು. ಕಥಾನಾಯಕನಿಗೇ ಕಾಣದ ಲೋಕವನ್ನು ಪ್ರೇಕ್ಷಕ ಎಷ್ಟು ನೋಡಿದರೂ ಕಥೆಯ ಒಳಗೆ ಕಾಲಿಟ್ಟಂತಾಗದು. ಅಲ್ಲಿ ಬಾಗಿಲಿರುವುದು ನಾದದಲ್ಲಿ ಮಾತ್ರ. ಸಂಗೀತ ನಿರ್ದೇಶಕ ಹಂಸಲೇಖ ಸಂಯೋಜಿಸಿದ, ಮೋಡ ಕವಿದು ಗುಡುಗುವುದನ್ನು ವರ್ಣಿಸುವ ಹಿಂದೂಸ್ತಾನಿ ಶೈಲಿಯ ಹಾಡಿಗಾಗಿ ಶಾಸ್ತ್ರೀಯ ಸಂಗೀತದ ಕ್ರಮಬದ್ಧ ಶಿಕ್ಷಣವಿಲ್ಲದ ಬಾಲಸುಬ್ರಹ್ಮಣ್ಯಂ ರಾಷ್ಟ್ರಪ್ರಶಸ್ತಿ ಪಡೆದರು. ಹಂಸಲೇಖರಿಗೂ ಅದೇ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಸಂದಿತು. ಗದುಗಿನ ಗವಾಯಿಗಳ ಕನ್ನಡ ಚಿತ್ರಕ್ಕೆ ಉತ್ತರದ ನುಡಿಯ ಹಾಡನ್ನು ಚೆನ್ನೈಯಲ್ಲಿ ನೆಲೆಸಿದ ತೆಲುಗರು ಹಾಡಿದರೂ ಎಲ್ಲಿಯೂ ಹೊಲಿಗೆ ಕಾಣುವುದಿಲ್ಲ. ಹೊಲಿಗೆ ಕಾಣದಿರುವುದೇ ಹಿನ್ನೆಲೆ ಗಾಯನದ ಪರಮ ಕೌಶಲ.

ನುಂಗಂಬಾಕ್ಕಂನಲ್ಲಿ ಮೂರನೆಯ ಬೀದಿಯೊಂದಿದೆ, ಅದನ್ನು ಬಿಟ್ಟರೆ ಈ ವಾದ ಅಪೂರ್ಣ. ಹ್ಯಾಡೋಸ್ ರಸ್ತೆಯ ಶಾಸ್ತ್ರಿ ಭವನದಲ್ಲಿ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ, ಜನರ ಬಾಯಲ್ಲಿ ಇಂದಿಗೂ ‘ಸೆನ್ಸಾರ್’ ಎಂದೇ ಉಳಿದಿರುವ ಸಂಸ್ಥೆಯ, ಪ್ರಾದೇಶಿಕ ಕಚೇರಿಯಿದೆ. ಮಂಡಳಿಗಳ ಕತ್ತರಿಯನ್ನು ಬೈಯುವುದು ಸುಲಭ, ಬೈಯುವುದು ಅನೇಕ ಸಲ ನ್ಯಾಯವೂ ಹೌದು. ಆದರೆ ಒಂದೇ ಒಂದು ಪದವನ್ನು ಹೆಕ್ಕಿ ‘ಇದನ್ನು ಮ್ಯೂಟ್ ಮಾಡಿ’ ಎಂದು ಬರೆದುಕೊಡುವವರು, ಐದರಲ್ಲಿ ಮೂರೂವರೆ ನಕ್ಷತ್ರ ಹಂಚಿ ಎದ್ದುಹೋಗುವ ವಿಮರ್ಶಕರಿಗಿಂತ ಹೆಚ್ಚು ಕಿವಿಗೊಟ್ಟು ಕೂತಿರುತ್ತಾರೆ ಎಂಬುದನ್ನು ಒಪ್ಪಲೇಬೇಕು. ಮಾತಿಗೆ ಶಕ್ತಿಯಿದೆ ಎಂದು ಮನಸಾರೆ ನಂಬಿದವರಲ್ಲದೆ ಬೇರೆ ಯಾರು ತಾನೇ ಅದರ ಬಾಯಿ ಕಟ್ಟುತ್ತಾರೆ?

‘ಸು ಫ್ರಮ್ ಸೋ’ಗೆ ಉಳಿದಿರುವುದು ಇಷ್ಟೇ ಜಾಗ. ತುಳುವಿನ ಏರಿಳಿತ ಬೆರೆತ ಅದರ ಕನ್ನಡವನ್ನು, ಮನೆಯ ಟಿ.ವಿ.ಯ ಮುಂದೆ ಕಣ್ಣು ಮುಚ್ಚಿ ಹತ್ತು ನಿಮಿಷ ಕೇಳಿದರೂ ಯಾರು ಹೆದರಿದ್ದಾರೆ, ಯಾರು ಹೆದರಿದಂತೆ ನಟಿಸುತ್ತಿದ್ದಾರೆ ಎಂಬುದು ತಿಳಿಯುತ್ತದೆ. ಒಳ್ಳೆಯ ಚಿತ್ರವೆನ್ನಲು ಅಷ್ಟು ಸಾಕು.