‘ಬಿಡುಗಡೆ’ಯಾದ ಹುಡುಗರ ಕತೆ

ಬ್ರಿಟನ್ನಿನ ಕ್ರೀಡಾ ಪತ್ರಕರ್ತ ಮೈಕೆಲ್ ಕ್ಯಾಲ್ವಿನ್ ಅವರ ‘ನೋ ಹಂಗರ್ ಇನ್ ಪ್ಯಾರಡೈಸ್’ (2017) ಪುಸ್ತಕವನ್ನು ಓದದವರೂ ಅದರ ಒಂದು ಅಂಕಿಯನ್ನು ಎಲ್ಲೋ ಕೇಳಿರುತ್ತಾರೆ. ಇಂಗ್ಲೆಂಡಿನಲ್ಲಿ ತಂಡ ಕಟ್ಟಿಕೊಂಡು ಫುಟ್‌ಬಾಲ್ ಆಡುತ್ತಿರುವ ಹುಡುಗರು ಸುಮಾರು 15 ಲಕ್ಷ. ಅವರಲ್ಲಿ ಪ್ರೀಮಿಯರ್ ಲೀಗ್ ಆಟಗಾರರಾಗುವವರು 180, ಅಂದರೆ ಲಕ್ಷಕ್ಕೆ 12 ಮಂದಿ. ಪತ್ರಿಕೆಗಳು ಈ ಅಂಕಿಯನ್ನು ಮತ್ತೆ ಮತ್ತೆ ಎತ್ತಿ ಬರೆದವು. ಆದರೆ ಪುಸ್ತಕದ ನಿಜವಾದ ಸಂಕಟ ಇರುವುದು ಕ್ಯಾಲ್ವಿನ್ ಕೊಡುವ ಇನ್ನೊಂದು ಲೆಕ್ಕದಲ್ಲಿ: 9ನೇ ವಯಸ್ಸಿಗೆ ಕ್ಲಬ್ಬಿನ ಅಕಾಡೆಮಿ ಸೇರಿದವರಲ್ಲಿ ಮೇಲಿನ ಮಟ್ಟ ಮುಟ್ಟುವವರು ಶೇಕಡಾ ಅರ್ಧಕ್ಕಿಂತ ಕಡಿಮೆ.

ಎರಡೂ ಒಂದೇ ಮಾತಲ್ಲ. 15 ಲಕ್ಷದಲ್ಲಿ ರಜೆಯ ದಿನ ಕೆಸರಿನಲ್ಲಿ ಚೆಂಡೊದ್ದು ಖುಷಿಪಡುವವರೇ ಹೆಚ್ಚು. ಅವರು ಕಳೆದುಕೊಳ್ಳುವುದು ಏನೂ ಇಲ್ಲ. ಅಕಾಡೆಮಿಯ ಹುಡುಗನ ಮಾತು ಬೇರೆ. ಅವನನ್ನು ಯಾರೋ ಬಂದು ನೋಡಿ ಆರಿಸಿದ್ದಾರೆ. ಕ್ಲಬ್ಬಿನ ಲಾಂಛನವಿರುವ ಅಂಗಿ ತೊಡಿಸಿದ್ದಾರೆ. ಅಪ್ಪ ಅಮ್ಮ ವರ್ಷಗಟ್ಟಲೆ ಸಂಜೆಗಳನ್ನು ಅವನ ತರಬೇತಿಗೆ ಕೊಟ್ಟಿದ್ದಾರೆ. ಲಕ್ಷಕ್ಕೆ 12 ಇದ್ದದ್ದು 200ಕ್ಕೆ ಒಂದರ ಹತ್ತಿರ ಬಂದಿದೆ. ಅವಕಾಶ ಹೆಚ್ಚಿದಂತೆ ಕಳೆದುಕೊಳ್ಳುವುದೂ ಹೆಚ್ಚಿದೆ.

ಅಲ್ಲಿಯ ಭಾಷೆಯನ್ನು ಗಮನಿಸಬೇಕು. 16ಕ್ಕೆ ಎರಡು ವರ್ಷದ ‘ಸ್ಕಾಲರ್‌ಶಿಪ್’, 18ರ ಹೊತ್ತಿಗೆ ವೃತ್ತಿಪರ ಒಪ್ಪಂದ. ಪ್ರತಿ ಹಂತದಲ್ಲೂ ಕೆಲವರನ್ನು ಕೈಬಿಡುತ್ತಾರೆ. ಇದಕ್ಕೆ ಅವರು ಬಳಸುವ ಪದ ‘ರಿಲೀಸ್’. ಕನ್ನಡದಲ್ಲಿ ಬಿಡುಗಡೆ ಎನ್ನಬೇಕು. ನಮ್ಮಲ್ಲಿ ಆ ಪದಕ್ಕೆ ಸೆರೆಯಿಂದ, ಸಾಲದಿಂದ, ಭವದಿಂದ ಪಾರಾಗುವ ಅರ್ಥವಿದೆ. ಅಲ್ಲಿ ಅದು ಹೊರಹಾಕುವುದಕ್ಕೆ ಹೊದಿಸಿದ ಮುಸುಕು. 2012ರಲ್ಲಿ ಪ್ರೀಮಿಯರ್ ಲೀಗ್ ಜಾರಿಗೆ ತಂದ ‘ಎಲೀಟ್ ಪ್ಲೇಯರ್ ಪರ್ಫಾರ್ಮೆನ್ಸ್ ಪ್ಲಾನ್’ ಅಕಾಡೆಮಿಗಳನ್ನು ದರ್ಜೆಗಳಾಗಿ ವಿಂಗಡಿಸಿತು. ಹುಡುಗ ಕ್ಲಬ್ ಬದಲಿಸಿದರೆ ಹಳೆಯ ಕ್ಲಬ್ಬಿಗೆ ಸಲ್ಲಬೇಕಾದ ಪರಿಹಾರಕ್ಕೆ ದರವನ್ನೂ ಗೊತ್ತುಮಾಡಿತು. ಹುಡುಗ ಕ್ಲಬ್ಬನ್ನು ಬಿಟ್ಟರೆ ಕ್ಲಬ್ಬಿಗೆ ಪರಿಹಾರ ಸಿಗುತ್ತದೆ. ಕ್ಲಬ್ಬು ಹುಡುಗನನ್ನು ಬಿಟ್ಟರೆ ಅವನಿಗೆ ಅಂಥ ದರಪಟ್ಟಿಯಿಲ್ಲ.

ಕ್ಯಾಲ್ವಿನ್ ಒಳ್ಳೆಯ ಕೇಳುಗ. ಪ್ರತಿಭೆ ಹುಡುಕುವ ಸ್ಕೌಟ್‌ಗಳ ಬಗ್ಗೆ ಹಿಂದೆಯೇ ‘ದ ನೋವೇರ್ ಮೆನ್’ (2013) ಬರೆದವರು. ಇಲ್ಲಿಯೂ ಕೋಚ್‌ಗಳು, ಏಜೆಂಟರು, ತಂದೆತಾಯಂದಿರು ಅವರೆದುರು ಮನಸ್ಸು ಬಿಚ್ಚುತ್ತಾರೆ. ತೊಡಕು ಇರುವುದು ಪತ್ರಿಕಾ ಬರಹದ ಸ್ವರೂಪದಲ್ಲೇ. ಒಬ್ಬೊಬ್ಬರ ಕತೆಯಾಗಿ ಹೇಳುವಾಗ ಅದು ಒಳ್ಳೆಯ ಕೋಚ್ ಮತ್ತು ಕೆಟ್ಟ ಕೋಚ್, ಕಾಳಜಿಯ ಅಪ್ಪ ಮತ್ತು ದುರಾಸೆಯ ಅಪ್ಪ ಎಂಬ ನೀತಿಕತೆಯತ್ತ ವಾಲುತ್ತದೆ. ಎಲ್ಲ ಕೋಚ್‌ಗಳೂ ಸಂತರಾದರೂ ಪ್ರೀಮಿಯರ್ ಲೀಗ್‌ನ 20 ತಂಡಗಳು 21 ಆಗುವುದಿಲ್ಲ. ಬಾಗಿಲು ಇರುವುದೇ ಅಷ್ಟು ಅಗಲ.

ಇದಕ್ಕಿಂತ ಗಾಢವಾದ ಸಂಗತಿ ಆಟದೊಳಗೇ ಇದೆ. ಫುಟ್‌ಬಾಲನ್ನು ಒಬ್ಬನೇ ಕಲಿಯಲಾಗದು. ಒಬ್ಬ ಪ್ರತಿಭಾವಂತ ಬೆಳೆಯಬೇಕಾದರೆ ಅವನಿಗೆ ಚೆಂಡು ಕೊಡುವ 10 ಮಂದಿ ಬೇಕು, ಅವನನ್ನು ತಡೆಯುವ 11 ಮಂದಿ ಬೇಕು. ಮುಂದೆ ಬರುವುದು ಅವನೊಬ್ಬನೇ ಎಂದು ಕ್ಲಬ್ಬಿಗೆ ಅಂದಾಜಿದ್ದರೂ ಉಳಿದವರನ್ನು ಸೇರಿಸಿಕೊಳ್ಳಲೇಬೇಕು. ಅಕಾಡೆಮಿಯ ಹುಡುಗರನ್ನು ಮಾವಿನ ಹೂವಿಗೆ ಹೋಲಿಸಿ, ಕಾಯಿ ಕಚ್ಚುವುದು ಕೆಲವಷ್ಟೇ ಎನ್ನುವುದು ಸುಲಭ. ಆದರೆ ಉದುರಿದ ಹೂವನ್ನು ಇನ್ನೊಂದು ಹೂವಿನ ಅಭ್ಯಾಸಕ್ಕೆಂದು ಯಾರೂ ಕರೆದಿರಲಿಲ್ಲ. ಇಲ್ಲಿ ಸೋಲುವವರು ವ್ಯವಸ್ಥೆಯ ಆಕಸ್ಮಿಕವಲ್ಲ, ಅಗತ್ಯ.

ಗೆದ್ದವರ ಕತೆಗಳು ಈ ಅಗತ್ಯವನ್ನು ಮರೆಮಾಡುತ್ತವೆ. ಜೇಮಿ ವಾರ್ಡಿಯನ್ನು 16ನೇ ವಯಸ್ಸಿಗೆ ಶೆಫೀಲ್ಡ್ ವೆನ್ಸ್‌ಡೇ ಕೈಬಿಟ್ಟಿತು. ಅವನು ಕಾರ್ಖಾನೆಯಲ್ಲಿ ದುಡಿಯುತ್ತ ಸಣ್ಣ ಕ್ಲಬ್ಬುಗಳಲ್ಲಿ ಆಡಿದ. 2016ರಲ್ಲಿ ಲೆಸ್ಟರ್ ಸಿಟಿಯೊಂದಿಗೆ ಪ್ರೀಮಿಯರ್ ಲೀಗ್ ಗೆದ್ದ. ಹ್ಯಾರಿ ಕೇನ್‌ನನ್ನು ಬಾಲ್ಯದಲ್ಲೇ ಆರ್ಸೆನಲ್ ಬಿಟ್ಟಿತ್ತು. ಎರಡೂ ನಿಜವಾದ, ಚಂದದ ಕತೆಗಳು. ಆದರೆ ಅವುಗಳಲ್ಲಿ ತಿರಸ್ಕಾರವು ಗೆಲುವಿನ ಮೊದಲ ಅಧ್ಯಾಯವಾಗಿಬಿಡುತ್ತದೆ. ಹೀಗಾಗಿ, ಮರಳಿ ಬಾರದವನಿಗೆ ಛಲ ಸಾಲಲಿಲ್ಲ ಎಂಬ ತೀರ್ಪು ತಾನಾಗಿ ಹೊರಬೀಳುತ್ತದೆ. ಅವನಿಗೆ ಆತ್ಮಕಥೆ ಬರೆಯಲು ಯಾರೂ ಹೇಳುವುದಿಲ್ಲ.

ಅಂಥವನ ಮನಸ್ಸನ್ನು ಹೊಗಲು ಕಾದಂಬರಿಯೇ ಬೇಕೇನೋ. ಮಂಗಳೂರಿನಲ್ಲಿ ಬೆಳೆದ ಅರವಿಂದ ಅಡಿಗರ ‘ಸೆಲೆಕ್ಷನ್ ಡೇ’ (2016) ಕ್ರಿಕೆಟ್ಟಿನ ಕತೆ. ಆದರೂ ಕ್ಯಾಲ್ವಿನ್ ಪುಸ್ತಕದ ಪಕ್ಕದಲ್ಲಿಟ್ಟು ಓದಬೇಕಾದದ್ದು. ಪಶ್ಚಿಮ ಘಟ್ಟದ ಹಳ್ಳಿಯಿಂದ ಮುಂಬೈಗೆ ಹೋಗಿ ಚಟ್ನಿ ಮಾರುವ ಮೋಹನ್ ಕುಮಾರ್ ತನ್ನಿಬ್ಬರು ಮಕ್ಕಳ ಬದುಕನ್ನು ಮೊದಲೇ ಬರೆದಿಟ್ಟಿದ್ದಾನೆ: ದೊಡ್ಡವನು ರಾಧಾ ಜಗತ್ತಿನ ಅತ್ಯುತ್ತಮ ಬ್ಯಾಟ್ಸ್‌ಮನ್, ಚಿಕ್ಕವನು ಮಂಜು ಎರಡನೆಯವನು. ತಿಂಗಳ ಹಣಕ್ಕೆ ಪ್ರತಿಯಾಗಿ ಮಕ್ಕಳ ಮುಂದಿನ ಗಳಿಕೆಯಲ್ಲಿ ಪಾಲು ಬರೆಸಿಕೊಳ್ಳುವ ಹೂಡಿಕೆದಾರನೂ ಬರುತ್ತಾನೆ. ಇಂಗ್ಲೆಂಡಿನ ದರಪಟ್ಟಿ ಇಲ್ಲಿ ಮನೆಯೊಳಗೇ ತಯಾರಾಗುತ್ತದೆ.

ಅಡಿಗರಿಗೆ ದಕ್ಕಿದ್ದು, ಕ್ಯಾಲ್ವಿನ್‌ಗೆ ಪೂರ್ತಿಯಾಗಿ ದಕ್ಕದ್ದು ಮಂಜು. ಅಣ್ಣನಿಗಿಂತ ಚೆನ್ನಾಗಿ ಆಡುವ ಅವನ ಮನಸ್ಸಿರುವುದು ವಿಜ್ಞಾನದಲ್ಲಿ. ಎಷ್ಟು ಜನ ಗೆಲ್ಲುತ್ತಾರೆ ಎಂಬ ಲೆಕ್ಕವು ಎಲ್ಲರೂ ಗೆಲ್ಲಲು ಬಯಸಿದ್ದರು ಎಂದೇ ಹೊರಡುತ್ತದೆ. ನಿನಗೆ ಇದು ಬೇಕಿತ್ತೇ ಎಂದು ಮಂಜುವನ್ನು ಯಾರೂ ಕೇಳಿಲ್ಲ. ಕನ್ನಡದ ಅರ್ಥದ ಬಿಡುಗಡೆ ಬೇಕಿದ್ದದ್ದು ಅವನಿಗೆ. ಅಡಿಗರಲ್ಲೂ ಕೊರತೆಯಿದೆ. ಮೈದಾನದಲ್ಲಿದ್ದ ಉಳಿದ ಹುಡುಗರು ಬಹುಪಾಲು ಸ್ಕೋರಿನ ಹಿಂದೆಯೇ ಉಳಿಯುತ್ತಾರೆ. ಒಬ್ಬನ ಒಳಗನ್ನು ಕಾಣುವ ಭರದಲ್ಲಿ ಕಾದಂಬರಿ ಗುಂಪನ್ನು ಬಿಟ್ಟಿದೆ.

ಹಾಗಾಗಿ ಈ ವಸ್ತುವಿಗೆ ತಕ್ಕ ಪುಸ್ತಕ ಇನ್ನೂ ಬರಬೇಕಿದೆ. ಅದು ಕೈಬಿಟ್ಟ ಹುಡುಗನ ಪೆಟ್ಟನ್ನಷ್ಟೇ ಬರೆದರೆ ಸಾಲದು. 9ರಿಂದ 18ರವರೆಗೆ ಅವನು ಕೊಟ್ಟ ಪಾಸುಗಳಿಂದ, ತಡೆದ ಚೆಂಡುಗಳಿಂದ ಇನ್ನೊಬ್ಬನ ಆಟ ಹೇಗೆ ಬೆಳೆಯಿತೆಂಬುದನ್ನೂ ಬರೆಯಬೇಕು. ಆಗ ಅವನು ವಿಫಲ ಆಟಗಾರನಂತಲ್ಲ, ಕೂಲಿ ಸಿಗದ ಕೆಲಸಗಾರನಂತೆ ನಮಗೆ ಕಂಡಾನು.