ಬರ್ಮಿಂಗ್‌ಹ್ಯಾಂ ವಾದ್ಯವೃಂದವೂ ಪಿಯಾನೋವಾದಕರೂ

ಪಾಶ್ಚಾತ್ಯ ಸಂಗೀತದ ರೂಪಭೇದಗಳಲ್ಲಿ ಕಾನ್ಚೆರ್ಟೊ ಎಂಬುದು ವಿಮರ್ಶಕನಿಗೆ ವಿಶೇಷ ಶ್ರಮವನ್ನು ಕೊಡತಕ್ಕದ್ದು. ಒಂದು ಕಡೆ ಒಬ್ಬನೇ ವಾದಕನು. ಮತ್ತೊಂದು ಕಡೆ ಹಲವು ಹತ್ತು ಮಂದಿಯ ವಾದ್ಯವೃಂದವು. ಇವರಲ್ಲಿ ಪ್ರಧಾನರು ಯಾರು, ಅಂಗಭೂತರು ಯಾರು? ಪಿಯಾನೋವಾದಕನೇ ಸರ್ವಸ್ವವೆಂದೂ ವೃಂದವು ಅವನ ಹಿಂದೆ ಕಟ್ಟಿದ ಪರದೆಯಂತೆ ಇದ್ದರೆ ಸಾಕೆಂದೂ ಸಾಮಾನ್ಯ ಶ್ರೋತೃಗಳು ಭಾವಿಸುವರು. ವೃಂದವು ರಾಜಧಾನಿಯದಲ್ಲದೆ ಪ್ರಾಂತದ ನಗರವೊಂದರದಾದರೆ ಈ ಭಾವನೆ ಇನ್ನೂ ಬಲವಾಗುವುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರದ ಸಿಂಫೊನಿ ವಾದ್ಯವೃಂದವನ್ನು ದೃಷ್ಟಾಂತವಾಗಿಟ್ಟುಕೊಂಡು, ಈ ಅಭಿಪ್ರಾಯವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ವಿಚಾರಮಾಡುವೆವು.

ಮೊದಲು ಒಂದು ಭ್ರಾಂತಿಯನ್ನು ನಿವಾರಿಸಬೇಕಾಗಿದೆ. ನಮ್ಮ ಕಚೇರಿಯ ಪದ್ಧತಿಯನ್ನು ಮನಸ್ಸಿನಲ್ಲಿಟ್ಟುಕೊಂಡವರು ವೃಂದವನ್ನು ಪಕ್ಕವಾದ್ಯಕ್ಕೆ ಸಮಾನವೆಂದು ಎಣಿಸುವುದುಂಟು. ಹೋಲಿಕೆ ಸ್ವಲ್ಪ ದೂರ ಮಾತ್ರ ಸಲ್ಲುತ್ತದೆ. ಕಚೇರಿಯಲ್ಲಿ ಪಿಟೀಲು ಗಾಯಕನ ಮನೋಧರ್ಮವನ್ನು ನೆರಳಿನಂತೆ ಅನುಸರಿಸುವುದು. ಅವನು ಎತ್ತಿಕೊಳ್ಳದ ರಾಗವನ್ನು ತಾನಾಗಿ ಎತ್ತಿಕೊಳ್ಳುವುದಿಲ್ಲ. ಕಾನ್ಚೆರ್ಟೊದಲ್ಲಾದರೋ ವೃಂದಕ್ಕೆ ತನ್ನದೇ ಆದ ಮಾತುಂಟು. ಅದು ವಾದಕನಿಗೆ ಎದುರು ನುಡಿಯಬಹುದು, ಅವನನ್ನು ಬಹಳ ಹೊತ್ತು ಕಾಯಿಸಬಹುದು. ಬೇಥೋವನನ ನಾಲ್ಕನೆಯ ಪಿಯಾನೋ ಕಾನ್ಚೆರ್ಟೊದ ಆರಂಭವನ್ನು ನೋಡಿರಿ. ಪಿಯಾನೋ ಒಂಟಿಯಾಗಿ, ಮೃದುವಾಗಿ, ಜಿ ಶ್ರುತಿಯಲ್ಲಿ ಒಂದು ವಾಕ್ಯವನ್ನು ಹೇಳಿ ನಿಲ್ಲುತ್ತದೆ. ತಂತೀವಾದ್ಯಗಳು ಉತ್ತರ ಕೊಡುವುದು ಅದೇ ಶ್ರುತಿಯಲ್ಲಲ್ಲ, ದೂರದ ಬಿ ಶ್ರುತಿಯಲ್ಲಿ. ಪ್ರಶ್ನೆ ಒಂದು ಲೋಕದ್ದು, ಉತ್ತರ ಇನ್ನೊಂದು ಲೋಕದ್ದು. ಆ ಉತ್ತರವನ್ನು ನುಡಿಸುವವರು ಕೇವಲ ಅನುಚರರಾದರೆ ಕೃತಿಯ ಪ್ರಾಣವೇ ಹೋಯಿತೆಂದು ತಿಳಿಯಬೇಕು.

ಇನ್ನು ವೃಂದದ ಚರಿತ್ರೆಗೆ ಬರುವ. ಇದು ನಗರಸಭೆಯ ದ್ರವ್ಯಸಹಾಯದಿಂದ 1920ರಲ್ಲಿ ಸ್ಥಾಪಿತವಾದುದು. ಅದೇ ವರ್ಷದ ನವೆಂಬರಿನಲ್ಲಿ ಎಲ್ಗಾರನು ಸ್ವತಃ ತನ್ನ ಕೃತಿಗಳನ್ನು ಇಲ್ಲಿ ನಡೆಯಿಸಿದನು. 1944ರವರೆಗೆ ವಾದಕರಿಗೆ ವರ್ಷಪೂರ್ತಿ ಉದ್ಯೋಗವಿರಲಿಲ್ಲ. ಏಡ್ರಿಯನ್ ಬೌಲ್ಟ್, ಲೆಸ್ಲಿ ಹೆವರ್ಡ್, ಜಾರ್ಜ್ ವೆಲ್ಡನ್ ಮೊದಲಾದ ನಾಯಕರ ಕೈಯಲ್ಲಿ ಅದು ಕ್ರಮವಾಗಿ ಬೆಳೆದು, 1980ರಿಂದ 1998ರವರೆಗೆ ಸೈಮನ್ ರ‍್ಯಾಟಲನ ನಾಯಕತ್ವದಲ್ಲಿ ಪ್ರಪಂಚಪ್ರಸಿದ್ಧಿಗೆ ಬಂದಿತು. 1991ರಲ್ಲಿ ನಗರದಲ್ಲಿ ಸಿಂಫೊನಿ ಹಾಲ್ ಎಂಬ ಹೊಸ ಸಂಗೀತಶಾಲೆಯೂ ತೆರೆಯಿತು.

ಈ ಚರಿತ್ರೆಯಲ್ಲಿ ಕನ್ನಡಿಗರ ಗಮನಕ್ಕೆ ಅರ್ಹವಾದ ಒಂದು ಪ್ರಸಂಗವಿದೆ. ರಷ್ಯದ ರಚನಕಾರನೂ ಪಿಯಾನೋವಾದಕನೂ ಆದ ನಿಕೊಲಾಯ್ ಮೆಟ್ನರನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನನ್ನು ಬಿಟ್ಟು, ಬರ್ಮಿಂಗ್‌ಹ್ಯಾಮಿನ ಪಿಯಾನೋವಾದಕಿ ಎಡ್ನಾ ಐಲ್ಸಳ ಕುಟುಂಬದ ಆಶ್ರಯದಲ್ಲಿ ವಾರ್ವಿಕ್‌ಷೈರಿನಲ್ಲಿ ವಾಸವಾಗಿದ್ದನು. ತನ್ನ ಮೂರನೆಯ ಕಾನ್ಚೆರ್ಟೊವನ್ನು ಅವನು ಮುಗಿಸಿದುದು ಆ ದಿನಗಳಲ್ಲಿಯೇ. ಆ ಕೃತಿ ಮೈಸೂರಿನ ಮಹಾರಾಜ ಶ್ರೀ ಜಯಚಾಮರಾಜ ಒಡೆಯರವರಿಗೆ ಅರ್ಪಿತವಾಗಿದೆ. ಮಹಾರಾಜರ ಔದಾರ್ಯದಿಂದ ಮೆಟ್ನರನ ಮೂರು ಕಾನ್ಚೆರ್ಟೊಗಳೂ 1947ರಲ್ಲಿ ರಚನಕಾರನ ಕೈಯಿಂದಲೇ, ಲಂಡನಿನ ಫಿಲ್‌ಹಾರ್ಮೋನಿಯ ವೃಂದದೊಡನೆ, ಗ್ರಾಮಫೋನ್ ಮುದ್ರಿಕೆಗಳಾದುವು. ಮೊದಲನೆಯದನ್ನು ನಡೆಯಿಸಿದವನು ಆಗ ಬರ್ಮಿಂಗ್‌ಹ್ಯಾಂ ವೃಂದದ ನಾಯಕನಾಗಿದ್ದ ವೆಲ್ಡನನೇ. ಮೆಟ್ನರನ ಪಿಯಾನೋಭಾಗವು ದಟ್ಟವಾದ ಹೆಣಿಗೆಯುಳ್ಳದ್ದು. ಅದನ್ನು ಮುಚ್ಚಿಹಾಕದೆ, ಅದಕ್ಕೆ ಅಂಜಿ ಮೌನವಾಗಿಯೂ ಇರದೆ ವೃಂದವನ್ನು ನಡೆಯಿಸುವುದು ಕಷ್ಟದ ಕೆಲಸ. ಆ ಕೆಲಸಕ್ಕೆ ಪ್ರಾಂತದ ನಾಯಕನೊಬ್ಬನು ಅರ್ಹನೆನಿಸಿದನೆಂಬುದು ಪ್ರಕೃತ ವಿಚಾರಕ್ಕೆ ಪೋಷಕವಾಗಿದೆ.

ರ‍್ಯಾಟಲನ ಕಾಲದಲ್ಲಿ ಈ ಸಂಬಂಧವು ಬೇರೊಂದು ರೀತಿಯಲ್ಲಿ ಫಲಿಸಿತು. 1990ರ ಲೀಡ್ಸ್ ಪಿಯಾನೋ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಸ್ಪರ್ಧಾಳುಗಳೊಡನೆ ನುಡಿಸಿದುದು ಈ ವೃಂದವೇ. ಅಲ್ಲಿ ಎರಡನೆಯ ಬಹುಮಾನವನ್ನು ಪಡೆದ ಜರ್ಮನಿಯ ತರುಣ ಲಾರ್ಸ್ ಫೋಕ್ಟನು ಅನಂತರ ಇದೇ ವೃಂದದೊಡನೆ ಶೂಮನ್ ಮತ್ತು ಗ್ರೀಗರ ಕಾನ್ಚೆರ್ಟೊಗಳನ್ನೂ ಬೇಥೋವನನ ಮೊದಲೆರಡನ್ನೂ ಮುದ್ರಿಸಿದನು. ಪರೀಕ್ಷಾಮಂಟಪದಲ್ಲಿ ಆರಂಭವಾದ ಪರಿಚಯವು ಸ್ನೇಹವಾಗಿ ಮಾಗಿದುದನ್ನು ಇಲ್ಲಿ ಕಾಣಬಹುದು. ನಾರ್ವೆಯ ಲೈಫ್ ಓವೆ ಆಂಡ್ಸ್‌ನೆಸ್‌ನು ರ‍್ಯಾಟಲನೊಡನೆ ಇಲ್ಲಿ ನುಡಿಸಿದ ಬ್ರಾಮ್ಸನ ಮೊದಲನೆಯ ಕಾನ್ಚೆರ್ಟೊ ಇನ್ನೂ ವಿಚಾರಣೀಯವಾದುದು. ಈ ಕೃತಿಯಲ್ಲಿ ಮೃದಂಗದಂತಹ ಟಿಂಪನಿಯ ಗುಡುಗಿನ ಮೇಲೆ ವೃಂದವು ಕೆಲವು ನಿಮಿಷಗಳ ಕಾಲ ತಾನೊಂದೇ ನುಡಿಯುತ್ತದೆ. ಅಷ್ಟು ಕೋಲಾಹಲವಾದ ಬಳಿಕ ಪಿಯಾನೋ ಪ್ರವೇಶಿಸುವುದು ವಿಜೃಂಭಣೆಯಿಂದಲ್ಲ. ವಿಷಾದದಿಂದ, ಬಹು ಮೆಲ್ಲಗೆ. ಮುಂಚಿನ ಗುಡುಗು ನಿಜವಾಗಿದ್ದರೆ ಮಾತ್ರ ಈ ಮೆಲುದನಿಗೆ ಅರ್ಥ ಬರುವುದು. ವಾದಕನ ಯಶಸ್ಸು ಅವನು ಕೈಯೆತ್ತುವುದಕ್ಕೆ ಮೊದಲೇ ಅರ್ಧ ನಿಶ್ಚಯವಾಗಿರುತ್ತದೆ. 1859ರ ಜನವರಿಯಲ್ಲಿ ಲೈಪ್ಸಿಗ್ ನಗರದ ಶ್ರೋತೃಗಳು ಈ ಕೃತಿಯನ್ನು ತಿರಸ್ಕರಿಸಿದುದಕ್ಕೆ, ಪಿಯಾನೋವಾದಕನ ಚಮತ್ಕಾರವನ್ನು ನಿರೀಕ್ಷಿಸಿ ಬಂದವರಿಗೆ ಸಿಂಫೊನಿಯ ಗಾಂಭೀರ್ಯವು ದೊರೆತುದೂ ಒಂದು ಕಾರಣವೆಂದು ಹೇಳಬಹುದು.

ಗಾಂಭೀರ್ಯದಲ್ಲಿ ವೃಂದಕ್ಕೆ ಸ್ಥಾನವುಂಟೆಂದು ಒಪ್ಪುವವರೂ ಲಲಿತವಾದ ಕೃತಿಗಳಲ್ಲಿ ವಾದಕನೇ ಪ್ರಧಾನನೆಂದು ವಾದಿಸಬಹುದು. ಅವರಿಗೆ ಸ್ಯಾಂಸಾನ್ಸನ ಐದು ಕಾನ್ಚೆರ್ಟೊಗಳೇ ಉತ್ತರ. ಸ್ಟೀಫನ್ ಹಫ್ ಅವರು ಸಕಾರಿ ಒರಮೊ ಅವರ ನಾಯಕತ್ವದಲ್ಲಿ ಈ ವೃಂದದೊಡನೆ ನುಡಿಸಿದ ಇವುಗಳ ಮುದ್ರಿಕೆ 2001ರಲ್ಲಿ ಪ್ರಕಟವಾಗಿ, ಮರುವರ್ಷ ಗ್ರಾಮಫೋನ್ ಪತ್ರಿಕೆಯ ವರ್ಷದ ಶ್ರೇಷ್ಠ ಮುದ್ರಿಕೆಯೆಂಬ ಗೌರವವನ್ನು ಪಡೆಯಿತು. ಹಫ್ ಅವರ ಬೆರಳುಗಳ ಲಾಘವವನ್ನು ಎಲ್ಲರೂ ಹೊಗಳಿದ್ದಾರೆ, ಅದು ಯುಕ್ತವೇ. ಆದರೆ ಎರಡನೆಯ ಕಾನ್ಚೆರ್ಟೊದ ಕೊನೆಯ ಭಾಗದ ಆ ವೇಗದಲ್ಲಿ ವೃಂದವು ಒಂದು ಕೂದಲೆಳೆಯಷ್ಟು ಹಿಂದುಳಿದರೂ ಲಾಘವವು ಅವಸರವಾಗಿ ತೋರುತ್ತಿದ್ದಿತು. ನಾಲ್ಕನೆಯದರ ಆದಿಯಲ್ಲಿ ತಂತೀವಾದ್ಯಗಳೂ ಪಿಯಾನೋವೂ ಒಂದೇ ವಸ್ತುವನ್ನು ಸರದಿಯಂತೆ ನುಡಿಯುವಾಗ, ಇಬ್ಬರ ಉಚ್ಚಾರವೂ ಒಂದೇ ಆಗಿರುವುದನ್ನು ಗಮನಿಸಬೇಕು. ಐದನೆಯದನ್ನು ರಚನಕಾರನು 1896ರಲ್ಲಿ ಈಜಿಪ್ಟಿನ ಲಕ್ಸರಿನಲ್ಲಿ ಬರೆದನು. ಅದರ ನಡುವಣ ಭಾಗದಲ್ಲಿ ನೈಲ್ ನದಿಯ ದೋಣಿಗಾರರ ಹಾಡೊಂದಿದೆ. ಇಲ್ಲಿ ಪಿಯಾನೋದ ವಿಚಿತ್ರವಾದ ಅನುರಣನಕ್ಕೆ ವೃಂದವು ತನ್ನ ಬಣ್ಣವನ್ನು ತಗ್ಗಿಸಿ ಎಡೆಮಾಡಿಕೊಡುವುದು ವಿವೇಕದ ಗುರುತು. ಎದುರು ನುಡಿಯಬಲ್ಲವನು ಸುಮ್ಮನಿರುವುದಕ್ಕೂ ನುಡಿಯಲಾರದವನು ಸುಮ್ಮನಿರುವುದಕ್ಕೂ ಇರುವ ಅಂತರ ಇಲ್ಲಿ ಕಿವಿಗೆ ಗೋಚರವಾಗುವುದು.

ಗುಣಗಳನ್ನು ಹೇಳಿದಂತೆ ದೋಷವನ್ನೂ ಹೇಳಬೇಕು. ಇಂತಹ ವೃಂದಗಳೆಲ್ಲವೂ ಟಿಕೆಟ್ಟಿನ ಹಣವನ್ನು ನೆನೆದು ಚೈಕೋವ್ಸ್ಕಿಯ ಮೊದಲನೆಯದು, ರಾಖ್ಮನಿನಾಫನ ಎರಡನೆಯದು, ಗ್ರೀಗನದು ಎಂಬ ಕೆಲವೇ ಕಾನ್ಚೆರ್ಟೊಗಳನ್ನು ಸುತ್ತಿಸುತ್ತಿ ನುಡಿಸುವುದುಂಟು. ಅತಿಥಿವಾದಕನು ಬಂದು, ಒಂದೆರಡು ಅಭ್ಯಾಸಗಳಲ್ಲಿ ಕೆಲಸ ಮುಗಿಸಿ, ಮರುದಿನ ಇನ್ನೊಂದು ಊರಿಗೆ ಹೊರಡುವನು. ಇಂತಹ ಕಡೆ ವೃಂದವು ಪರದೆಯಾಗಿಯೇ ಉಳಿದರೆ ಆಶ್ಚರ್ಯವಿಲ್ಲ. ಮೇಲೆ ಹೇಳಿದ ಉತ್ತಮ ಫಲಗಳೆಲ್ಲ ದೊರೆತುದು ನಾಯಕನೂ ವೃಂದವೂ ದೀರ್ಘಕಾಲ ಜೊತೆಗಿದ್ದಾಗ, ಅಥವಾ ಒಂದೇ ವಾದಕನೊಡನೆ ಹಲವು ಕೃತಿಗಳನ್ನು ಕೈಗೊಂಡಾಗ. ಎಂದ ಮೇಲೆ ದೋಷವು ಪ್ರಾಂತ್ಯತೆಯಲ್ಲಿಲ್ಲ, ಅವಸರದಲ್ಲಿದೆ.

ದೀರ್ಘವಾದ ಸಹವಾಸಕ್ಕೆ ಆಶ್ರಯ ಬೇಕು. ನಗರದ ಹಣದಿಂದ ಹುಟ್ಟಿದ ಈ ವೃಂದದ ಸಹಾಯದ್ರವ್ಯವನ್ನು, ತಾನೇ ಆರ್ಥಿಕ ಸಂಕಟಕ್ಕೆ ಸಿಕ್ಕಿದ ಬರ್ಮಿಂಗ್‌ಹ್ಯಾಂ ನಗರಸಭೆಯು 2024ರಲ್ಲಿ ಅರ್ಧಕ್ಕೆ ಇಳಿಸಿ, ಮರುವರ್ಷ ಪೂರ್ತಿಯಾಗಿ ನಿಲ್ಲಿಸುವುದೆಂದು ಗೊತ್ತುಮಾಡಿತು. ವೃಂದವು ಪರದೆ ಮಾತ್ರವೆಂದು ನಂಬುವವರಿಗೆ ಇದರಿಂದ ದೊಡ್ಡ ನಷ್ಟವೇನೂ ಕಾಣದು. ಪಿಯಾನೋವಾದಕರು ಎಲ್ಲಿಯಾದರೂ ನುಡಿಸಿಯಾರು. ಆದರೆ ಆ ನಂಬಿಕೆ ನಿಲ್ಲತಕ್ಕದ್ದಲ್ಲವೆಂಬುದು ಮೇಲಿನ ವಿಚಾರದಿಂದ ವ್ಯಕ್ತವಾಗಿರುವುದು. ಅತಿಥಿಯು ಹೊರಟುಹೋದ ಬಳಿಕ ಊರಿನಲ್ಲಿ ಉಳಿಯುವುದು ಅವನೊಡನೆ ಸಮನಾಗಿ ಮಾತನಾಡಿದ ವೃಂದದ ಅನುಭವ. ತಲೆಮಾರುಗಳಿಂದ ಕೂಡಿಬಂದ ಈ ಸಂಪತ್ತನ್ನು ಒಂದು ಸಲ ಕಳೆದುಕೊಂಡರೆ ಒಂದು ವರ್ಷದ ಆಯವ್ಯಯದಲ್ಲಿ ಮತ್ತೆ ಕೊಂಡುಕೊಳ್ಳಲಾಗದು. ಕಲೆಗೆ ಆಶ್ರಯವನ್ನು ಕೊಟ್ಟ ನಾಡುಗಳ ಜನರು, ಅವರಲ್ಲಿ ಮೈಸೂರಿನವರೂ, ಇದನ್ನು ನೆನೆಯುವುದು ಉಚಿತವಾಗಿದೆ.